ಕೋಸೆಗ್‌ನಲ್ಲಿ ತಾಟು ತೊಳೆದು ಕುಡಿದದ್ದು

ಹುಮನಾಬಾದ್

ನಮ್ಮ ಹಂಗೇರಿ ಪ್ರಯಾಣ ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಶುರುವಾಯಿತು. ಜಗದೇವಿ ಕಾಕಿ ಮತ್ತು ನಾನು ಬಸವಕಲ್ಯಾಣದಿಂದ ಬಂದು ಇಳಿದಾಗ, ಹುಡಗಿ ಎಂಬ ಊರಿನಿಂದ ಬಂದ ಕಾಶಿಬಾಯಿ ತಾಳದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಲ್ಲುಬೆಂಚಿನ ಮೇಲೆ ಕೂತಿದ್ದರು. ಅವರ ಇನ್ನೊಂದು ಕೈಯಲ್ಲಿ ತಳ್ಳುಗಾಡಿಯವನು ಕೊಟ್ಟ ಗೋಬಿ ಮಂಚೂರಿಯ ಕಾಗದದ ಬಟ್ಟಲಿತ್ತು.

"ಪರದೇಶಕ್ಕ ಹೊಂಟು ಮುಂಜಾನೆ ಮುಂಜಾನೆ ಗೋಬಿ ತಿನ್ನಾಕತ್ತೀಯಲ್ಲ ಕಾಶಿಬಾಯಿ," ಎಂದರು ಕಾಕಿ.

"ಅಲ್ಲಿ ಸಿಗ್ತದೋ ಇಲ್ಲೋ ಯಾರಿಗ್ಗೊತ್ರಿ ಅಕ್ಕಾ. ಹೊಟ್ಟಿಗೆ ಹೇಳಿ ಕರ್ಕೊಂಡು ಹೊಂಟೀನಿ."

ಕಾಕಿ ನನ್ನ ಚಿಕ್ಕಪ್ಪನ ಹೆಂಡತಿ. ಬಸವಕಲ್ಯಾಣದ ಭಜನೆಗಳಲ್ಲಿ ವರ್ಷಗಟ್ಟಲೆ ಹಾಡಿದವರು, ಆದರೆ ಯಾವಾಗಲೂ ಹಿಂದಿನ ಸಾಲಿನಲ್ಲಿ. ಮುಂದೆ ಕೂತು ಹಾಡುವವರು ಗಂಡಸರು. ಅವರು ಸಾಲು ಬಿಟ್ಟ ಕಡೆ ಎತ್ತಿಕೊಳ್ಳುವುದು ಕಾಕಿಯ ಕೆಲಸ. ನಾನು ಕಲಬುರಗಿಯಲ್ಲಿ ಸಂಗೀತದ ಎಂ.ಎ. ಓದುತ್ತಿದ್ದಾಗ ಯೂದಿತ್ ಎಂಬ ಹಂಗೇರಿಯ ಸಂಶೋಧಕಿ ನಮ್ಮ ಕಡೆಯ ಹಾಡುಗಳನ್ನು ಧ್ವನಿಮುದ್ರಿಸಲು ಬಂದಿದ್ದಳು. ಅವಳ ಜೊತೆ ಊರೂರು ಓಡಾಡಿದ್ದು ನಾನೇ. ಹಿಂದಿನ ಸಾಲಿನ ಆ ಧ್ವನಿ ಯಾರದೆಂದು ಕೇಳಿದ ಮೊದಲಿಗಳು ಅವಳು. ಅವಳ ಊರಾದ ಕೋಸೆಗ್‌ನಲ್ಲಿ ಹಾಡಿನ ಉತ್ಸವ ಎಂದಾಗ ಅವಳು ಕರೆದದ್ದು ಕಾಕಿಯನ್ನು. ಒಂದು ಸಂಜೆ, ಕೋಟೆಯ ಅಂಗಳದಲ್ಲಿ, ಕಾಕಿ ಮುಂದೆ. ಹಾರ್ಮೋನಿಯಂಗೆ ನಾನು, ತಾಳಕ್ಕೆ ಕಾಶಿಬಾಯಿ.

ಹೈದರಾಬಾದಿನ ಬಸ್ಸು ಹತ್ತುವಾಗ ಕಾಕಿ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಸುಮಾ, ಒಂದ ಸಲಾನೇ ಇರಲಿ, ನೆಟ್ಟಗ ಆಗಬೇಕು."

ನಾನು ಹೂಂ ಅಂದೆ. ನಾನು ಹೆಚ್ಚು ಮಾತಾಡುವವಳಲ್ಲ. ಆದರೆ ಆ ಹೂಂ ನನ್ನ ಮೇಲೆ ಹೊರೆಯಂತೆ ಕೂತಿತು.

ಬುಡಾಪೆಸ್ಟ್ ವಿಮಾನ ನಿಲ್ದಾಣ

ನಮ್ಮ ಹಾರ್ಮೋನಿಯಂ ಬಂತು, ತಾಳ ಬಂತು, ಮೂವರ ಸೀರೆಗಳೂ ಬಂದವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳು ತುಂಬಿದ್ದ ಚೀಲ ಮಾತ್ರ ಬರಲಿಲ್ಲ. ಉರುಳುವ ಪಟ್ಟಿಯ ಮೇಲೆ ಒಂದು ಕೆಂಪು ಪೆಟ್ಟಿಗೆ ಸುತ್ತು ಹಾಕುತ್ತಲೇ ಇತ್ತು, ನಾವೂ ನೋಡುತ್ತಲೇ ಇದ್ದೆವು. ಕೊನೆಗೆ ಪಟ್ಟಿ ನಿಂತಿತು.

"ಒಂದು ತಿಂಗಳದ ರೊಟ್ಟಿ ಅದು," ಎಂದರು ಕಾಶಿಬಾಯಿ. "ಯಾರರೇ ಬಿಚ್ಚಿ ನೋಡಿದ್ರ ಹಪ್ಪಳ ಅಂತ ತಿಳ್ಕೋತಾರ."

ಚೀಲ ಎಲ್ಲಿದೆ ಎಂದು ವಿಚಾರಿಸಿ ಹೇಳುತ್ತೇವೆ ಎಂದರು. ಯಾರೂ ಹೇಳಲಿಲ್ಲ. ಆ ರೊಟ್ಟಿ ಈಗ ಜಗತ್ತಿನ ಯಾವ ಮೂಲೆಯಲ್ಲಿದೆಯೋ ನನಗೆ ತಿಳಿಯದು.

ಕೋಸೆಗ್, ಮೊದಲ ಊಟ

ಕೋಸೆಗ್ ಆಸ್ಟ್ರಿಯಾದ ಗಡಿಗೆ ತಾಗಿದ ಸಣ್ಣ ಊರು. ಕಲ್ಲು ಹಾಸಿದ ಬೀದಿಗಳು, ಊರ ನಡುವೆಯೇ ಕೋಟೆ. ನಮ್ಮ ಕಲ್ಯಾಣದ ಕೋಟೆಯ ಮುಂದೆ ಇದು ಗಿಡ್ಡ, ಆದರೆ ಗೋಡೆಗೆ ಸುಣ್ಣ ಬಳಿದು, ಕಿಟಕಿಗೆ ಹೂವಿನ ಕುಂಡ ಇಟ್ಟು ಮನೆಯ ಹಾಗೆ ನೋಡಿಕೊಂಡಿದ್ದಾರೆ. ಅಲ್ಲಿನ ಚರ್ಚಿನ ದೊಡ್ಡ ಗಂಟೆ ಹಗಲು ಹನ್ನೆರಡಕ್ಕಲ್ಲ, ಹನ್ನೊಂದಕ್ಕೇ ಬಡಿಯುತ್ತದೆ. ಹಿಂದೊಮ್ಮೆ ಆ ಹೊತ್ತಿಗೆ ಶತ್ರು ಸೈನ್ಯ ಮುತ್ತಿಗೆ ಬಿಟ್ಟು ಹೋಯಿತಂತೆ. ಜನ ರಸ್ತೆ ದಾಟುವ ಮುಂಚೆ ಒಂದು ವಾಹನವೂ ಇಲ್ಲದಿದ್ದರೂ ನಿಂತು ಕಾಯುತ್ತಾರೆ. ಕಾಶಿಬಾಯಿ ಅವರ ಜೊತೆ ನಿಂತು, ನನ್ನ ಕಿವಿಯಲ್ಲಿ, "ಇವ್ರನ್ನ ಹುಮನಾಬಾದ್ ಚೌಕಿಗೆ ತಂದು ಬಿಟ್ರ ಸಂಜೀತನಕ ಒಂದೇ ಕಡಿ ನಿಂತಿರ್ತಾರ ನೋಡು," ಎಂದರು.

ಆ ಊರಿನ ಹೋಟೆಲುಗಳಲ್ಲಿ ಪಲ್ಯಕ್ಕೂ ಹಂದಿಯ ಕೊಬ್ಬು ಹಾಕುತ್ತಾರೆ. ಆದ್ದರಿಂದ ಯೂದಿತ್ ನಮ್ಮ ಎರಡು ಹೊತ್ತಿನ ಊಟವನ್ನು ಊರಿನಲ್ಲಿದ್ದ ಒಂದೇ ಒಂದು ಚೀನಿ ಹೋಟೆಲಿನಲ್ಲಿ ಗೊತ್ತು ಮಾಡಿದ್ದಳು. ಮಾಂಸ, ಮೀನು, ಮೊಟ್ಟೆ ಯಾವುದೂ ಬೇಡವೆಂದು ಅವರಿಗೆ ಬಿಡಿಸಿ ಹೇಳಿದ್ದಳು. ಚೀನಿ ಎಂದ ಕೂಡಲೇ ಕಾಶಿಬಾಯಿಯ ಮುಖ ಅರಳಿತು. ಅವರ ಮಟ್ಟಿಗೆ ಚೀನಿ ಊಟ ಎಂದರೆ ಹುಮನಾಬಾದಿನ ಗಾಡಿಯ ಗೋಬಿ.

ಗಾಜಿನ ಪೆಟ್ಟಿಗೆಯೊಳಗೆ ಬಿಸಿನೀರಿನ ಮೇಲೆ ಉದ್ದುದ್ದ ಸ್ಟೀಲ್ ಟ್ರೇಗಳು. ಅದರಲ್ಲಿದ್ದದ್ದು ಯಾವಾಗ ಮಾಡಿದ್ದೋ. ಎಲೆಕೋಸು ಬೆಂದು ಬೆಂದು ಬಟ್ಟೆಯಂತಾಗಿತ್ತು. ನೂಡಲ್ಸು ಒಂದಕ್ಕೊಂದು ಅಂಟಿ ಹೆಣೆದ ಜಡೆಯ ಹಾಗಿತ್ತು. ಕರಿದ ತೋಫು ಎಂಬ ಸೋಯಾ ಪನೀರಿನ ಮೇಲೆ ಕಿತ್ತಳೆ ಬಣ್ಣದ ಸಿಹಿ ಸಾರು. ಅನ್ನ ಮೇಲೆ ಒಣಗಿ, ಕೆಳಗೆ ಒದ್ದೆ. ಎಲ್ಲದಕ್ಕೂ ಒಂದೇ ವಾಸನೆ, ಹಲವು ಸಲ ಕಾಯಿಸಿದ ಎಣ್ಣೆಯ ಕಮಟು ವಾಸನೆ. ಯಜಮಾನಿ, ಐವತ್ತರ ಆಸುಪಾಸಿನ ಚೀನಿ ಹೆಂಗಸು, ತಾನೇ ತಟ್ಟೆಗಳನ್ನು ತುಂಬಿ ತಂದು ಇಟ್ಟಳು.

ಕಾಶಿಬಾಯಿ ಒಂದು ತುತ್ತು ತಿಂದು, ನಿಧಾನವಾಗಿ ಅಗಿದು, ನನ್ನನ್ನು ನೋಡಿದರು. "ತಂಗೀ, ಈ ಚೀನಾ ಬ್ಯಾರೆ ಅದ."

ಕಾಕಿ ತಲೆಬಗ್ಗಿಸಿ ಕೊನೆಯ ಅಗುಳಿನವರೆಗೆ ಉಂಡರು. ಆಮೇಲೆ ಲೋಟದ ನೀರನ್ನು ತಟ್ಟೆಗೆ ಸುರಿದು, ಬೆರಳಿನಿಂದ ಸುತ್ತಲೂ ತೊಳೆದು, ತಟ್ಟೆ ಎತ್ತಿ ಕುಡಿದರು. ಮನೆಯಲ್ಲಿ ನಾವು ಬೆಳೆದದ್ದೇ ಹಾಗೆ. ತಾಟಿಗೆ ಬಂದದ್ದು ಪ್ರಸಾದ, ಅದರಲ್ಲಿ ಒಂದು ಕಾಳೂ ಉಳಿಯಬಾರದು. ಹಾಸ್ಟೆಲಿಗೆ ಹೋದ ಮೇಲೆ ನಾನು ಇದನ್ನು ಬಿಟ್ಟಿದ್ದೆ. ಕಾಕಿಯ ಎದುರು ಬಿಡುವ ಹಾಗಿರಲಿಲ್ಲ. ನಾನೂ ಕುಡಿದೆ, ಕಾಶಿಬಾಯಿಯೂ ಕುಡಿದರು. ತೊಳೆದ ನೀರಿನ ಮೇಲೆ ಎಣ್ಣೆಯ ಚುಕ್ಕೆಗಳು ತೇಲುತ್ತಿದ್ದವು.

ಯಜಮಾನಿ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಇದನ್ನು ನೋಡಿದಳು. ಒಳಗೆ ಹೋಗಿ ಗಂಡನನ್ನು ಕರೆದುಕೊಂಡು ಬಂದಳು. ಅಡುಗೆ ಮಾಡುವವನು ಅವನೇ. ಇಬ್ಬರೂ ನಮ್ಮ ಖಾಲಿ ತಟ್ಟೆಗಳನ್ನು ನೋಡಿ ತಲೆಬಾಗಿದರು.

ಅದೇ ಮೇಜು, ಮರುದಿನ

ಮರುದಿನ ತಟ್ಟೆ ಇನ್ನೂ ತುಂಬಿ ಬಂತು. ರಾತ್ರಿಯ ಊಟಕ್ಕೆ ಅದಕ್ಕಿಂತ ಹೆಚ್ಚು. ಮೂರನೆಯ ದಿನ ಪಕ್ಕದಲ್ಲಿ ಕರಿದ ಸುರುಳಿಗಳೂ ಬಂದವು. ನಾವು ಉಂಡೆವು, ತೊಳೆದೆವು, ಕುಡಿದೆವು. ಯಜಮಾನಿ ನಗುತ್ತಿದ್ದಳು.

ನಾನೂ ಕಾಶಿಬಾಯಿಯೂ ಅಂಗಡಿಯಿಂದ ಬ್ರೆಡ್ಡು, ಬಾಳೆಹಣ್ಣು, ಮೊಸರು ತಂದು ಕೋಣೆಯಲ್ಲಿಟ್ಟೆವು. ಊಟದ ಬದಲು ಇದನ್ನೇ ತಿನ್ನೋಣ ಎಂದರೆ ಕಾಕಿ ಒಪ್ಪಲಿಲ್ಲ. "ಕರ್ದವ್ರು ಅಲ್ಲಿ ಉಣ್ಣಂದಾರ. ನಾವ್ ಹೋಗಲಿಲ್ಲಂದ್ರ ಆ ಹುಡುಗಿ ಮಾರಿ ಸಣ್ಣದಾಗ್ತದ," ಎಂದರು. ಆ ಹುಡುಗಿ ಎಂದರೆ ಯೂದಿತ್.

ಆ ಮೂರನೆಯ ದಿನ ಬೆಳಗಿನ ರಿಯಾಜಿನಲ್ಲಿ ಕಾಕಿಯ ಧ್ವನಿ ಮೇಲಿನ ಷಡ್ಜಕ್ಕೆ ಹೋಗಲಿಲ್ಲ. ಅರ್ಧ ದಾರಿಯಲ್ಲಿ ಒಡೆಯಿತು. ನೀರು ಕುಡಿದು ಮತ್ತೆ ಹಾಡಿದರು, ಮತ್ತೆ ಒಡೆಯಿತು.

"ಎಣ್ಣಿ ಗಂಟಲಿಗೆ ಹತ್ಯಾದ. ಹುಳಿ ಹುಳಿ ಮ್ಯಾಲ ಬರಾಕತ್ತದ," ಎಂದರು. ಲೋಟ ಕೆಳಗಿಟ್ಟು, "ಸುಮಾ, ಕರಿ ನಾಕು ಬ್ಯಾಡ. ಬಿಳಿ ನಾಕಕ್ಕ ಹಿಡಿ," ಎಂದರು.

ಕರಿ ನಾಕು ಎಂದರೆ ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆ, ಬೆರಳೊತ್ತುವ ಕಪ್ಪು ಪಟ್ಟಿ. ಕಾಕಿ ಮದುವೆಯಾಗಿ ನಮ್ಮ ಮನೆಗೆ ಬಂದಾಗಿನಿಂದ ಅದೇ ಅವರ ಶ್ರುತಿ. ಬಿಳಿ ನಾಕು ಅದಕ್ಕಿಂತ ಕೆಳಗೆ. ಭಜನೆಯ ಗಂಡಸರು ಇವರನ್ನು ತಮ್ಮ ಶ್ರುತಿಗೆ ಇಳಿಸಿಯೇ ಹಾಡಿಸುತ್ತಿದ್ದರು. ತಮ್ಮದೇ ಶ್ರುತಿಯಲ್ಲಿ ಹಾಡಲೆಂದು ಇಷ್ಟು ದೂರ ಬಂದವರು ಈಗ ತಾವೇ ಇಳಿಸು ಎನ್ನುತ್ತಿದ್ದಾರೆ. ನಾನು ಇಳಿಸಿ ನುಡಿಸಿದೆ. ಹಾಡು ಹಾಡಾಗಿಯೇ ಇತ್ತು, ಆದರೆ ಕಾಕಿ ಅದರಲ್ಲಿ ಇರಲಿಲ್ಲ.

ಕಾರ್ಯಕ್ರಮಕ್ಕೆ ಇನ್ನು ಮೂರು ದಿನವಿತ್ತು. ಈ ಊಟ ನಿಲ್ಲಬೇಕು ಎಂದು ನಾನು ಅಲ್ಲೇ ತೀರ್ಮಾನಿಸಿದೆ.

ಯೂದಿತ್‌ಗೆ ಫೋನ್ ಮಾಡಿದೆ. ಬೇರೆ ದೇಶಗಳಿಂದ ಬರುತ್ತಿದ್ದ ತಂಡಗಳನ್ನು ಇಳಿಸಿಕೊಳ್ಳುವ ಗಡಿಬಿಡಿಯಲ್ಲಿದ್ದಳು. ನಾನು ಬಾಯಿ ತೆರೆಯುವ ಮುಂಚೆಯೇ, "ಹೋಟೆಲಿನವರು ಎಷ್ಟು ಖುಷಿಯಾಗಿದ್ದಾರೆ ಗೊತ್ತಾ? ನೀವು ತಟ್ಟೆ ತೊಳೆದು ಕುಡಿಯುತ್ತೀರಂತೆ. ಈ ಊರಿನಲ್ಲಿ ಅವರ ಅಡುಗೆಯನ್ನು ಯಾರೂ ಹಾಗೆ ಮೆಚ್ಚಿಲ್ಲವಂತೆ," ಎಂದಳು. ಎಣ್ಣೆ ಬಹಳವಾಗುತ್ತದೆ, ಕಾಕಿಯ ಗಂಟಲು ಕೆಟ್ಟಿದೆ ಎಂದೆ. ಹೇಳುತ್ತೇನೆ ಎಂದಳು. ಹೇಳಿದಳು ಕೂಡ. ಅಂದು ಸಂಜೆ ಕರಿದ ಸುರುಳಿಗಳನ್ನು ಕಾಗದದಲ್ಲಿ ಒತ್ತಿ ಎಣ್ಣೆ ತೆಗೆದು ತಂದಿದ್ದರು. ಸಂಖ್ಯೆ ಮಾತ್ರ ಹೆಚ್ಚಾಗಿತ್ತು.

"ಕಾಕಿ, ಅರ್ಧ ಬಿಡು. ಬಿಟ್ಟರ ಅವರಿಗೂ ತಿಳೀತದ," ಎಂದೆ.

"ಅನ್ನ ಏನ್ ತಪ್ಪ ಮಾಡ್ಯಾದ?" ಎಂದು ಕಾಕಿ ನನ್ನನ್ನೇ ಕೇಳಿದರು. "ಮಾಡಿದವ್ನ ಕೈ ಕೆಟ್ಟಿರಬಹುದು. ತಾಟಿಗೆ ಬಂದದ್ದನ್ನ ನಾ ಬಿಡಂಗಿಲ್ಲ."

"ತಾಟಿಗೆ ಬರದಿದ್ರ?"

"ಬರೂಕಿಂತ ಮೊದಲ ಕೈ ಅಡ್ಡ ಹಿಡದು ಸಾಕು ಅನ್ನಬಹುದು. ಅದಕ್ಕ ಯಾರ್ ಬ್ಯಾಡಂತಾರ? ಆದ್ರ ಇವ್ರು ತುಂಬೇ ತರ್ತಾರಲ್ಲ. ಕೈ ಎಲ್ಲಿ ಅಡ್ಡ ಹಿಡೀಲಿ?"

ಹಿಂದಿನ ಮೇಜು

ನಾಲ್ಕನೆಯ ದಿನ ಕೋಟೆಯಲ್ಲಿ ಮೈಕು, ವೇದಿಕೆ ನೋಡಿಕೊಂಡು ಹೋಟೆಲಿಗೆ ಬರುವುದು ತಡವಾಯಿತು. ಗಿರಾಕಿಗಳೆಲ್ಲ ಹೋಗಿದ್ದರು. ಅಡುಗೆಮನೆಯ ಬಾಗಿಲ ಪಕ್ಕದ ಸಣ್ಣ ಮೇಜಿನಲ್ಲಿ ಗಂಡ ಹೆಂಡತಿ ಊಟ ಮಾಡುತ್ತಿದ್ದರು. ಅಲ್ಲಿಂದ ಹಸಿಶುಂಠಿಯ ವಾಸನೆ ಬಂತು. ಒಂದು ಪಾತ್ರೆಯಲ್ಲಿ ತೆಳ್ಳಗಿನ ಬಿಳಿ ಗಂಜಿ. ಪಕ್ಕದಲ್ಲಿ ಆಗಷ್ಟೇ ಬಾಡಿಸಿದ ಹಸಿರು ಸೊಪ್ಪು, ಒಂದು ಬಟ್ಟಲಲ್ಲಿ ಹುರಿದ ಶೇಂಗಾ. ಗಾಜಿನ ಪೆಟ್ಟಿಗೆಯ ಒಂದು ಪದಾರ್ಥವೂ ಆ ಮೇಜಿನ ಮೇಲಿರಲಿಲ್ಲ.

ನಮ್ಮನ್ನು ಕಂಡು ಯಜಮಾನಿ ಧಡಕ್ಕನೆ ಎದ್ದಳು. ಬಾಯಿ ಒರೆಸಿಕೊಂಡು, ಟ್ರೇಗಳಿಂದ ನಮ್ಮ ತಟ್ಟೆ ತುಂಬಿ ತಂದಳು.

ಹುಮನಾಬಾದಿನಲ್ಲಿ ನಾವು ಸಂತೆಗೆ ಹೋದಾಗ ಊಟ ಮಾಡುವ ಖಾನಾವಳಿಯೊಂದಿದೆ. ಅದರ ಮಾಲಕ ಗಿರಾಕಿಗಳೆಲ್ಲ ಎದ್ದ ಮೇಲೆ ಅದೇ ಪಾತ್ರೆಗಳ ತಳ ಕೆರೆದು ಉಣ್ಣುತ್ತಾನೆ. ಅವನ ಅಡುಗೆ ಎಲ್ಲ ದಿನವೂ ಚೆನ್ನಾಗಿರುತ್ತದೆ ಎಂದೇನಿಲ್ಲ. ಆದರೆ ಖಾರ ಹೆಚ್ಚಾದ ದಿನ ಅವನೂ ನಮ್ಮ ಹಾಗೇ ನೀರು ಕುಡಿಯುತ್ತಾನೆ.

ಆ ಮಧ್ಯಾಹ್ನವೂ ಕಾಕಿ ತಟ್ಟೆ ತೊಳೆದು ಕುಡಿದರು. ಸಂಜೆಯ ರಿಯಾಜಿನಲ್ಲಿ ಬಿಳಿ ನಾಕಕ್ಕೂ ಧ್ವನಿ ಒರಟಾಗಿತ್ತು.

ಖಾಲಿ ತಟ್ಟೆ

ರಾತ್ರಿ ಊಟದ ಹೊತ್ತಿಗಿಂತ ಮುಂಚೆಯೇ ನಾನೊಬ್ಬಳೇ ಹೋಟೆಲಿಗೆ ಹೋದೆ. ಫೋನಿನಲ್ಲಿ ಮಾತು ಅನುವಾದಿಸುವ ಸೌಕರ್ಯವಿತ್ತು. ನಾನು ಕನ್ನಡದಲ್ಲಿ ಹೇಳಿದರೆ ಅದು ಚೀನಿ ಭಾಷೆಯಲ್ಲಿ ಹೇಳುತ್ತಿತ್ತು. ನಮ್ಮ ಕಡೆಯ ಮಾತು ಅದಕ್ಕೆ ತಿಳಿಯದು, ಆದ್ದರಿಂದ ವಾರ್ತೆ ಓದುವವಳ ಹಾಗೆ ಹೇಳಿದೆ: "ಇಂದು ನಮಗೆ ಖಾಲಿ ತಟ್ಟೆಗಳನ್ನು ಕೊಡಿ. ಅಡುಗೆಯನ್ನು ಬೇರೆ ಪಾತ್ರೆಗಳಲ್ಲಿ ತಂದು ಮೇಜಿನ ನಡುವೆ ಇಡಿ."

ಅವಳಿಗೆ ಅದು ವಿಚಿತ್ರವೆನಿಸಿರಬೇಕು. ಆದರೂ ತಂದಳು. ಕಾಕಿ, ಕಾಶಿಬಾಯಿ ಬಂದು ಕೂತರು. ಖಾಲಿ ತಟ್ಟೆ ನೋಡಿ ಕಾಕಿ ನನ್ನ ಕಡೆ ಒಮ್ಮೆ ನೋಡಿದರು. ಪಾತ್ರೆಯ ನಡುವಿನ ಮೆತ್ತಗಿನ ಅನ್ನ ಒಂದು ಚಮಚ ಹಾಕಿಸಿಕೊಂಡು, ಮುಂದಿನದಕ್ಕೆ ಅಂಗೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿದರು. ನಾನೂ ಅಷ್ಟೇ. ಕಾಶಿಬಾಯಿ ಒಂದು ಸುರುಳಿಯ ಕಡೆ ಕೈ ಚಾಚಿ, ಕಾಕಿಯ ಮುಖ ನೋಡಿ, ಕೈ ಹಿಂದಕ್ಕೆ ಎಳೆದುಕೊಂಡರು.

ಅನ್ನ ಉಂಡು ತಟ್ಟೆ ತೊಳೆದು ಕುಡಿದೆವು. ನಡುವಿನ ಪಾತ್ರೆಗಳು ಬಂದ ಹಾಗೇ ಇದ್ದವು.

ಯಜಮಾನಿ ಬಂದು ನಿಂತಳು. ಪಾತ್ರೆಗಳನ್ನು ನೋಡಿದಳು, ನಮ್ಮನ್ನು ನೋಡಿದಳು. ಕುರ್ಚಿ ಎಳೆದುಕೊಂಡು ಕೂತು ಫೋನಿಗೆ ಏನೋ ಹೇಳಿದಳು. ಫೋನಿನ ದನಿ ಓದಿತು: "ಇಷ್ಟು ದಿನ ಎಲ್ಲವನ್ನೂ ತಿಂದಿರಿ. ಇಂದು ಏನಾಯಿತು?"

ಇಂಥ ಮಾತು ನಾನು ಯಾರಿಗೂ ಮುಖಾಮುಖಿ ಹೇಳಿದವಳಲ್ಲ. ಅಂಗಿ ಹೊಲಿದು ಕೆಡಿಸಿದ ದರ್ಜಿಗೂ ಪರವಾಗಿಲ್ಲ ಎನ್ನುವವಳು. ಫೋನನ್ನು ಬಾಯಿಯ ಹತ್ತಿರ ತಂದು ಹೇಳಿದೆ: "ನಿಮ್ಮ ಅಡುಗೆ ಚೆನ್ನಾಗಿಲ್ಲ. ಎಣ್ಣೆ ಹಳೆಯದು. ತಟ್ಟೆಗೆ ಬಂದ ಅನ್ನವನ್ನು ಬಿಡುವುದು ನಮ್ಮಲ್ಲಿ ತಪ್ಪು. ಆದ್ದರಿಂದ ತಿಂದೆವು, ರುಚಿಗಾಗಿ ಅಲ್ಲ."

ಅವಳು ಆ ಮಾತನ್ನು ಎರಡು ಸಲ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ನಮ್ಮ ಊರಿನಲ್ಲಿ ಅತಿಥಿಯ ತಟ್ಟೆ ಖಾಲಿಯಾದರೆ ನಾವು ಕಡಿಮೆ ಬಡಿಸಿದೆವು ಎಂದು ಅರ್ಥ. ಸ್ವಲ್ಪ ಉಳಿದರೆ ಹೊಟ್ಟೆ ತುಂಬಿತು ಎಂದು ಅರ್ಥ. ನೀವು ನೀರನ್ನೂ ಕುಡಿದಿರಿ. ಅಡುಗೆ ಹಿಡಿಸಿತೆಂದು ಖುಷಿಯಾಯಿತು, ಆದರೆ ಕಡಿಮೆ ಬಡಿಸಿದೆನೆಂದು ನಾಚಿಕೆಯೂ ಆಯಿತು. ಪ್ರತಿದಿನ ಹೆಚ್ಚು ಹಾಕಿದೆ."

"ಅಯ್ಯ ಶಿವನ," ಎಂದರು ಕಾಶಿಬಾಯಿ. "ನಾವ್ ಮುಗಸ್ಬೇಕಂತ ತಿನ್ನಾಕತ್ತೀವಿ, ಇಕಿ ಉಳೀಬೇಕಂತ ಹಾಕಾಕತ್ತಾಳ. ಇನ್ನೆಂಟು ದಿನ ಇದ್ದಿದ್ರ ನಮ್ಮನ್ನ ಗಾಡಿ ಮ್ಯಾಲ ಹಾಕ್ಕೊಂಡು ಹೋಗ್ಬೇಕಾಗ್ತಿತ್ತು." ಅವರು ನಗಲು ಶುರು ಮಾಡಿದರು. ನನಗೂ ನಗು ಬಂತು, ತಡೆದುಕೊಂಡೆ.

ಗಂಡ ಅಡುಗೆಮನೆಯಿಂದ ಬಂದಿದ್ದ. ಅವನು ನಗಲಿಲ್ಲ. ಹೆಂಡತಿಯ ಕೈಯಿಂದ ಫೋನ್ ತೆಗೆದುಕೊಂಡು ಜೋರಾಗಿ ಮಾತಾಡಿದ. "ಇಲ್ಲಿಯ ಜನ ಸಿಹಿ ಕೇಳುತ್ತಾರೆ, ಕರಿದದ್ದು ಕೇಳುತ್ತಾರೆ. ಅದನ್ನೇ ಮಾಡುತ್ತೇನೆ. ಇಷ್ಟು ವರ್ಷ ಯಾರೂ ದೂರಿಲ್ಲ."

"ನಾನು ದೂರುತ್ತಿದ್ದೇನೆ," ಎಂದೆ. "ಮತ್ತು ಒಂದು ಕೇಳುತ್ತೇನೆ. ನೀವು ಆ ಹಿಂದಿನ ಮೇಜಿನಲ್ಲಿ ಉಣ್ಣುವುದನ್ನು ನಮಗೆ ಕೊಡಿ."

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು. ಅವಳು ತಲೆ ಅಲ್ಲಾಡಿಸಿದಳು. "ಅದು ಮಾರುವ ಊಟವಲ್ಲ. ಬೇರೆ ದೇಶದಿಂದ ಬಂದ ಅತಿಥಿಗೆ ಗಂಜಿ ಹಾಕಲು ಆಗುವುದಿಲ್ಲ."

ನಾನು ಇನ್ನೊಂದು ವಾಕ್ಯ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಕಾಕಿ ಎದ್ದು ಆ ಮೇಜಿನ ಹತ್ತಿರ ಹೋಗಿ, ಅದರ ಮೇಲೆ ಅಂಗೈ ಇಟ್ಟರು. ಇನ್ನೊಂದು ಕೈಯನ್ನು ಗಂಟಲ ಮೇಲೆ ಇಟ್ಟರು. "ಹಾಡೋದು ಅದ ರೀ ನನಗ, ನಾಡಿದ್ದು," ಎಂದು ಆ ಮನುಷ್ಯನಿಗೇ ನೇರವಾಗಿ ನಮ್ಮ ಮಾತಿನಲ್ಲೇ ಹೇಳಿದರು. ಫೋನಿಗೆ ಅದು ತಿಳಿಯಲಿಲ್ಲ. ಅವನು ಕಾಕಿಯ ಕೈ ಇದ್ದ ಕಡೆ ಸ್ವಲ್ಪ ಹೊತ್ತು ನೋಡಿದ. ನನ್ನನ್ನು ಕೇಳಿದ: "ಕೋಟೆಯಲ್ಲಿ ಹಾಡುವವರು ಇವರೇ?"

ಹೌದು ಎಂದೆ. ಗಂಜಿಗೆ ಮೂಳೆ ಹಾಕುತ್ತೀರಾ ಎಂದೂ ಕೇಳಿದೆ. ಅದನ್ನು ಕೇಳದೆ ಬಿಡುವ ಹಾಗಿರಲಿಲ್ಲ. ಕೆಲವು ದಿನ ಹಾಕುತ್ತೇನೆ, ನಿಮಗೆ ಬೇರೆ ಪಾತ್ರೆಯಲ್ಲಿ ಮಾಡುತ್ತೇನೆ ಎಂದ. ಮುಖದ ಸಿಟ್ಟು ಹಾಗೇ ಇತ್ತು. ಒಳಗೆ ಹೋದ. ನಾವು ಕಾದೆವು. ಅನ್ನ ಕುದಿಯುವ ವಾಸನೆ ಆ ಹೋಟೆಲಿನಲ್ಲಿ ಮೊದಲ ಸಲ ನಮ್ಮ ಮೇಜಿನವರೆಗೆ ಬಂತು.

ಗಂಜಿ ಬಂದಾಗ ಯಜಮಾನಿ ಖಾಲಿ ಬಟ್ಟಲುಗಳನ್ನು ನಮ್ಮ ಮುಂದಿಟ್ಟಳು. ಸೌಟು ಹಿಡಿದು ಕಾಕಿಯ ಕೈಯನ್ನೇ ನೋಡುತ್ತ ನಿಂತಳು. ಕಾಕಿ ಎರಡು ಸೌಟಿಗೆ ಕೈ ಅಡ್ಡ ಹಿಡಿದರು.

ಮರುದಿನವೂ, ಅದರ ಮರುದಿನವೂ ನಾವು ಉಂಡದ್ದು ಅದೇ ಗಂಜಿ, ಸೊಪ್ಪು, ಶೇಂಗಾ. ಕಾಶಿಬಾಯಿ ಉಪ್ಪಿನಕಾಯಿಗಾಗಿ ಹಲುಬಿದರು. ಗಾಜಿನ ಪೆಟ್ಟಿಗೆಯ ಟ್ರೇಗಳಲ್ಲಿ ಏನೂ ಬದಲಾಗಲಿಲ್ಲ. ಶಾಲೆ ಬಿಟ್ಟು ಬಂದ ಮಕ್ಕಳು ಆ ಕಿತ್ತಳೆ ಬಣ್ಣದ ಸಾರನ್ನು ಅನ್ನದ ಮೇಲೆ ಹಾಕಿಸಿಕೊಂಡು ಖುಷಿಯಿಂದ ತಿನ್ನುತ್ತಿದ್ದರು. ಗಂಡ ಮತ್ತೆ ನಮ್ಮ ಜೊತೆ ಮಾತಾಡಲಿಲ್ಲ. ಆದರೆ ಗಂಜಿ ಪ್ರತಿ ಸಲವೂ ಬಿಸಿಯಾಗಿತ್ತು.

ಕೋಟೆ

ಕಾರ್ಯಕ್ರಮದ ದಿನ ಬೆಳಗ್ಗೆ ಕಾಕಿಯ ಎದೆಯುರಿ ಇಳಿದಿತ್ತು. ಕರಿ ನಾಕಕ್ಕೆ ಒಮ್ಮೆ ನೋಡೋಣ ಎಂದರು. ಮೇಲಿನ ಷಡ್ಜ ಮೊದಲ ಸಲ ಬಂತು, ಎರಡನೆಯ ಸಲ ಒಡೆಯಿತು. ಮೂರನೆಯ ಸಲ ಅವರು ಪ್ರಯತ್ನಿಸಲಿಲ್ಲ. ಬಿಳಿ ನಾಕೇ ಇರಲಿ ಎಂದು ಇಬ್ಬರೂ ಒಪ್ಪಿಕೊಂಡೆವು. ಯೂದಿತ್‌ಗೂ ಹೇಳಿದೆ. ಪರವಾಗಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂದಳು. ಅದು ನಿಜ. ಅಲ್ಲಿ ಗೊತ್ತಾಗುವವರು ನಾವು ಮೂವರೇ.

ಸಂಜೆ ಅಂಗಳ ತುಂಬಿತ್ತು. ನಮ್ಮ ಕಡೆ ಹಾಡು ಶುರುವಾದ ಮೇಲೂ ಜನ ಬರುತ್ತಿರುತ್ತಾರೆ, ಎದ್ದು ಹೋಗುತ್ತಿರುತ್ತಾರೆ, ಒಬ್ಬರಾದರೂ ಮಗುವನ್ನು ಗದರುತ್ತಾರೆ. ಇಲ್ಲಿ ಎಲ್ಲರೂ ಮೊದಲೇ ಬಂದು, ಕೈಕಟ್ಟಿ, ನಾವು ಸೀರೆಯ ನಿರಿಗೆ ಸರಿಮಾಡಿಕೊಳ್ಳುವುದನ್ನೂ ಸದ್ದಿಲ್ಲದೆ ನೋಡುತ್ತಿದ್ದರು. ಕಾಶಿಬಾಯಿ ತುಟಿ ಅಲ್ಲಾಡಿಸದೆ, "ಪರೀಕ್ಷಾ ಬರಿಯಾಕ ಕೂತಂಗ ಕೂತಾರಲ್ಲ," ಎಂದರು.

ಕಾಕಿ ನಡುವೆ, ಒಂದು ಮಾರು ಮುಂದೆ ಕೂತಿದ್ದರು. ಅವರ ಬೆನ್ನು ನನಗೆ ಕಾಣುತ್ತಿತ್ತು. ಊರಿನಲ್ಲಿ ಅವರು ಯಾವಾಗಲೂ ಬೇರೆಯವರ ಬೆನ್ನು ನೋಡಿಕೊಂಡು ಹಾಡಿದವರು. ನಾನು ಹಾರ್ಮೋನಿಯಂನ ತಿದಿ ತೆರೆದು ಬಿಳಿ ನಾಕರ ಮೇಲೆ ಬೆರಳಿಟ್ಟೆ. ಇನ್ನೂ ಒತ್ತಿರಲಿಲ್ಲ.

ಕಾಕಿ ಹಿಂದೆ ತಿರುಗಿದರು.

"ಕರಿ ನಾಕಕ್ಕ ಹಿಡಿ."

"ಕಾಕಿ, ಮುಂಜಾನಿ ಒಡದಿತ್ತು."

"ಒಡದ್ರ ನಂದು ಒಡೀತದ. ಹಿಡಿ."

ನಾನು ಕಾಶಿಬಾಯಿಯನ್ನು ನೋಡಿದೆ. ಅವರು ತಾಳ ಎತ್ತಿಕೊಂಡು ಸಿದ್ಧರಾಗಿ ಕೂತಿದ್ದರು. ಬೆರಳು ಸರಿಸಿ ಕಪ್ಪು ಮನೆಯನ್ನು ಒತ್ತಿದೆ.

ಕಾಕಿ ಕೆಳಗಿನಿಂದ ಶುರು ಮಾಡಿದರು, ಅವಸರವಿಲ್ಲದೆ. ಮೊದಲ ನುಡಿ, ಎರಡನೆಯ ನುಡಿ. ಮೂರನೆಯದರಲ್ಲಿ ಹಾಡು ಮೇಲೇರುತ್ತದೆ, ಅಲ್ಲಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅವರ ಹೆಗಲು ಸ್ವಲ್ಪ ಎದ್ದಿತು. ಸ್ವರ ಬಂತು. ಅಂಚಿನಲ್ಲಿ ತುಸು ಒರಟಿತ್ತು, ಒಡೆಯಲಿಲ್ಲ. ಊರಿನಲ್ಲಿ ಆ ಜಾಗದಲ್ಲಿ ಮುಂದಿನ ಸಾಲಿನವರು ಎತ್ತಿಕೊಳ್ಳುತ್ತಿದ್ದರು, ಕಾಕಿ ಬಿಟ್ಟುಕೊಡುತ್ತಿದ್ದರು. ಇಲ್ಲಿ ಎತ್ತಿಕೊಳ್ಳುವವರು ಯಾರೂ ಇರಲಿಲ್ಲ. ಅವರು ಆ ಸ್ವರದ ಮೇಲೆ ನಿಂತೇ ಇದ್ದರು, ನಾನು ತಿದಿ ಒತ್ತುತ್ತಲೇ ಇದ್ದೆ.